ಕರಿ ಕಂಬಳಿಯ ಕಪ್ಪು

ಮಳವಳ್ಳಿ ತಾಲ್ಲೂಕು ಎಂದರೆ ಮಾಂಸಪ್ರಿಯರ ಬಾಯಲ್ಲಿ ಮೊದಲು ಬರುವ ಹೆಸರು ಬಂಡೂರು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ತೊಡೆ. ಸರ್ಕಾರಿ ದಾಖಲೆಗಳಲ್ಲಿ ಈ ತಳಿಯ ಹೆಸರು ‘ಮಂಡ್ಯ’, ಸಂತೆಯಲ್ಲಿ ‘ಬನ್ನೂರು’, ಊರವರಿಗೆ ‘ಬಂಡೂರು’. ಹಲಗೂರು ದಾಟಿ ಕಾಡೊಳಗೆ ಇಳಿದು ಮುತ್ತತ್ತಿಯ ಹೊಳೆದಂಡೆಗೆ ಬಂದು ಮುತ್ತೆತ್ತರಾಯನಿಗೆ ಕೈಮುಗಿದು, ಆಮೇಲೆ ಮರದ ನೆರಳಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುವವರಿಗೆ ಈ ಕುರಿಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಕುರಿಗೆ ಒಂದು ಕೊರತೆಯಿದೆ. ಅದರ ಮೈಮೇಲಿರುವುದು ಉಣ್ಣೆಯಲ್ಲ, ಬರೀ ಒರಟು ಕೂದಲು. ನೂಲಲು ಹೋದರೆ ಎಳೆ ಎಳೆಯನ್ನು ಕಚ್ಚಿ ಹಿಡಿಯುವುದಿಲ್ಲ.

ಹಾಗಾದರೆ ಇದೇ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ, ಗಳುವಿನ ಮೇಲೆ, ರಾಗಿ ಕಣಜದ ಪಕ್ಕದಲ್ಲಿ ಮಡಿಸಿಟ್ಟಿರುವ ಕರಿ ಕಂಬಳಿಗಳು ಯಾವ ಕುರಿಯವು? ಹಳೆಯ ನೆಯ್ಗೆಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಬಿಡಿಸಬೇಕಾದ ಗಂಟು ಇದು. ಉತ್ತರ ಸಿಗುವುದು ತಾಲ್ಲೂಕಿನ ಹೊರಗೆ. ಕಂಬಳಿಯ ಉಣ್ಣೆ ಬರುವುದು ಬಯಲುಸೀಮೆಯ ಡೆಕ್ಕನಿ ಕುರಿಯಿಂದ. ಚಳ್ಳಕೆರೆ, ಚಿತ್ರದುರ್ಗ, ಬಳ್ಳಾರಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಅಲ್ಲಿಂದ ಮೇಲೆ ಮಹಾರಾಷ್ಟ್ರ ತೆಲಂಗಾಣಗಳವರೆಗೆ ಹರಡಿದ ತಳಿ ಅದು. ಸಣಕಲು ಮೈ, ಉದ್ದ ನಡಿಗೆ, ಮೈತುಂಬ ಕಪ್ಪು ಉಣ್ಣೆ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಸಿಗುವುದು ಅರ್ಧ ಮುಕ್ಕಾಲು ಕಿಲೋ ಮಾತ್ರ. ಒಂದು ಕಂಬಳಿಗೆ ಮೂರು ನಾಲ್ಕು ಕುರಿಗಳ ವರ್ಷದ ಬೆಳೆ ಬೇಕು. ಕುರುಬರ ಹೆಂಗಸರು ಅದನ್ನು ಹಿಂಜಿ ರಾಟೆಯಲ್ಲಿ ನೂತರು, ಗಂಡಸರು ಗುಣಿಮಗ್ಗದಲ್ಲಿ ನೆಯ್ದರು, ಸಂತೆಯಿಂದ ಸಂತೆಗೆ ಹೆಗಲ ಮೇಲೆ ಹೊತ್ತು ಮಾರಿದರು. ಮುತ್ತತ್ತಿ ಕಾಡಂಚಿನ ದನಗಾಹಿಯ ಹೆಗಲೇರಿದ ಕಂಬಳಿ ಅಲ್ಲಿಗೆ ತಲುಪುವ ಮುನ್ನ ಇಷ್ಟೆಲ್ಲ ಊರು ಸುತ್ತಿರುತ್ತಿತ್ತು.

ಕಂಬಳಿ ಮೈಗೆ ಚುಚ್ಚುತ್ತದೆ ಎಂದು ಮುಖ ಸಿಂಡರಿಸುವವರಿದ್ದಾರೆ. ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಅನ್ನದಲ್ಲಿ ಕೂದಲು ಸಿಕ್ಕಿತೆಂದು ದೂರಿದಂತೆ ಇದು. ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ಡೆಕ್ಕನಿ ಎಳೆ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ದಪ್ಪ. ದಪ್ಪ ಎಳೆ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಆದರೆ ಮುಳ್ಳುಕಂಟಿಗೆ ಸಿಕ್ಕಿದಾಗ ಹರಿಯದಿರುವುದೂ, ಬಂಡೆಯ ಮೇಲೆ ಹಾಸಿ ಮಲಗಿದರೆ ಸವೆಯದಿರುವುದೂ ಅದೇ ದಪ್ಪದಿಂದ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತವನಿಗೆ ಒಳಗೆ ಬೆಚ್ಚಗಿರುತ್ತದೆ ಎಂಬುದೂ ಬರಿಯ ನಂಬಿಕೆಯಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ನೀರಿನ ಆವಿಯನ್ನು ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಆವಿಯ ಕಣಗಳು ಎಳೆಯೊಳಗಿನ ಪ್ರೋಟೀನಿಗೆ ಅಂಟಿಕೊಳ್ಳುವಾಗ ಶಾಖ ಹೊರಬರುತ್ತದೆ. ಒಣಗಿದ ಕಂಬಳಿ ಹೊದ್ದು ಥಂಡಿಗಾಳಿಗೆ ಬಂದ ಮೊದಲ ಹೊತ್ತಿನಲ್ಲಿ ಅದು ನಿಜಕ್ಕೂ ಕಾವು ಕೊಡುತ್ತದೆ.

ನೆಯ್ಗೆಯ ವಿವರದಲ್ಲಿ ಸಂಗ್ರಾಹಕರಿಗೆ ಬೇಕಾದದ್ದು ಒಂದಿದೆ, ಹುಣಸೆ ಬೀಜದ ಸರಿ. ಬೀಜ ಹುರಿದು ಸಿಪ್ಪೆ ತೆಗೆದು ಬೀಸಿ ಕುದಿಸಿದರೆ ಗೋಂದಿನಂಥ ಅಂಬಲಿ ಬರುತ್ತದೆ. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಈ ಸರಿಯನ್ನು ಕುಂಚದಲ್ಲಿ ಬಳಿದು ಒಣಗಿಸುತ್ತಾರೆ. ಉಣ್ಣೆ ನೂಲಿನ ಮೈಯಿಂದ ಹೊರಚಾಚಿದ ನವಿರೆಲ್ಲ ಕೂತುಕೊಂಡು ಲಾಳಿ ಸರಾಗ ಓಡಾಡುತ್ತದೆ. ರಸಾಯನಶಾಸ್ತ್ರದಲ್ಲಿ ಇದು ಝೈಲೋಗ್ಲುಕ್ಯಾನ್ ಎಂಬ ಸಕ್ಕರೆಸರಪಳಿ. ಹಳೆಯ ಮೈಸೂರಿನ ಶಾನುಭೋಗರು, ಅಂಗಡಿ ಸಾಹುಕಾರರು ಲೆಕ್ಕ ಬರೆಯುತ್ತಿದ್ದ ಕಡತಕ್ಕೂ ಇದೇ ಸರಿ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಬಳಪದಲ್ಲಿ ಬರೆಯುವ ಕಪ್ಪು ಹಲಗೆಯಂಥ ಪುಸ್ತಕವಾಗುತ್ತಿತ್ತು. ಹುಣಸೆ ಮರಕ್ಕೆ ಬರವಿಲ್ಲದ ಸೀಮೆಯಲ್ಲಿ ಇದಕ್ಕಿಂತ ಅಗ್ಗದ ಅಂಟು ಇನ್ನಾವುದಿತ್ತು? ಈ ಸರಿಯಿಂದಲೇ ಹಳೆಯ ಕಂಬಳಿಗೆ ಒಂದು ಕಂಟಕವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ಬಣ್ಣಕ್ಕೆ ಬರೋಣ. ಕರಿ ಕಂಬಳಿಯ ಕಪ್ಪನ್ನು ಯಾರೂ ಹಾಕಿದ್ದಲ್ಲ. ಅದು ಕುರಿ ತಾನೇ ಮಾಡಿಕೊಂಡ ಬಣ್ಣ. ಒಂದು ಹಳೆಯ ಕಂಬಳಿಯ ಕರಿ ಎಳೆಯನ್ನು ಸೂಜಿಯ ತುದಿಯಿಂದ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಣ್ಣೆಯಲ್ಲಿ ಕೂರಿಸಿ, ನಾನೂರು ಪಟ್ಟು ದೊಡ್ಡದಾಗಿ ತೋರುವ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಹೊರಮೈಯಲ್ಲಿ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ತೆಳುವಾದ ಪೊರೆಗಳು. ಒಳಗೆ ಉದ್ದಕ್ಕೂ ಸಾಲುಗಟ್ಟಿದ ಕಪ್ಪು ಚುಕ್ಕೆಗಳು, ಕೆಲವು ಕಡೆ ದಟ್ಟ, ಕೆಲವು ಕಡೆ ವಿರಳ. ದಪ್ಪ ಎಳೆಗಳ ನಡುವೆ ಗಾಳಿ ತುಂಬಿದ ಒಂದು ಟೊಳ್ಳು ಕೊಳವೆಯೂ ಕಾಣಬಹುದು. ಆ ಚುಕ್ಕೆಗಳು ಯೂಮೆಲಾನಿನ್ ಕಣಗಳು. ನಮ್ಮ ತಲೆಗೂದಲನ್ನು ಕಪ್ಪಾಗಿಸುವುದೂ ಅದೇ. ಬಣ್ಣ ಹಾಕಿದ ಎಳೆಯಲ್ಲಿ ಈ ಚುಕ್ಕೆಗಳಿರುವುದಿಲ್ಲ. ಬಣ್ಣ ಎಲ್ಲೆಡೆ ಒಂದೇ ಸಮನಾಗಿ, ಬಣ್ಣದ ಗಾಜಿನ ಕಡ್ಡಿಯಂತೆ ಹರಡಿರುತ್ತದೆ. ಬಣ್ಣಹಾಕಿದ ಕಪ್ಪೋ ಹುಟ್ಟಿನ ಕಪ್ಪೋ ಎಂಬ ಪ್ರಶ್ನೆಗೆ ಇದಕ್ಕಿಂತ ನಿಚ್ಚಳ ಉತ್ತರ ಬೇರೆ ಇಲ್ಲ. ಹಳೆಯ ಕಂಬಳಿ ಕೊಳ್ಳುವವರು ಮಾರುವವನ ಮಾತಿಗಿಂತ ಮೊದಲು ಈ ಚುಕ್ಕೆಗಳನ್ನು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕುರಿ ಕಪ್ಪಾಗುವುದು ಹೇಗೆ ಎಂಬುದರ ಹಿಂದೆ ಒಂದು ಸೊಗಸಾದ ತಳಿಶಾಸ್ತ್ರವಿದೆ. ಬಣ್ಣ ಮಾಡುವ ಜೀವಕೋಶಕ್ಕೆ ‘ಕಪ್ಪು ಮಾಡು’ ಎಂದು ಆಜ್ಞೆ ಕೊಡುವ ಒಂದು ಗ್ರಾಹಕ ಅದರ ಮೈಮೇಲಿದೆ. ಅಗೂಟಿ ಎಂಬ ಪ್ರೋಟೀನು ಬಂದು ಆ ಗ್ರಾಹಕದ ಬಾಯಿ ಮುಚ್ಚುತ್ತದೆ. ಬಿಳಿ ಕುರಿಗಳಲ್ಲಿ ಅಗೂಟಿ ಜೀನು ಇಮ್ಮಡಿಯಾಗಿ ಸದಾ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಕಪ್ಪು ಹುಟ್ಟುವುದೇ ಇಲ್ಲ. ಕಪ್ಪಾಗಲು ಎರಡು ದಾರಿಗಳಿವೆ. ಅಗೂಟಿ ಜೀನು ಎರಡೂ ಕಡೆಯಿಂದ ಕೆಟ್ಟಿರಬೇಕು, ಇಲ್ಲವೇ ಗ್ರಾಹಕವೇ ಮೊಂಡಾಗಿ ಅಗೂಟಿಯ ಮಾತು ಕೇಳದಂತಾಗಿರಬೇಕು. ಮೊದಲ ದಾರಿಯಲ್ಲಿ ಬಂದ ಕಪ್ಪು ಬಲು ನಾಜೂಕು. ಹಿಂಡಿಗೆ ಒಂದು ಬಿಳಿ ಟಗರು ಬಿಟ್ಟರೆ ಮುಂದಿನ ಪೀಳಿಗೆಯ ಮರಿಗಳಲ್ಲಿ ಅದು ಮುಚ್ಚಿಹೋಗುತ್ತದೆ.

ಮೆಲಾನಿನ್ ಗಟ್ಟಿ ಬಣ್ಣ, ಆದರೆ ಬಿಸಿಲಿಗೆ ಸೋಲುತ್ತದೆ. ಸೂರ್ಯನ ನೇರಳಾತೀತ ಕಿರಣಕ್ಕೆ ಅದು ನಿಧಾನವಾಗಿ ಉತ್ಕರ್ಷಣೆಗೊಂಡು ಕೆಂಗಂದಾಗುತ್ತದೆ. ಕುರಿಯ ಮೈಮೇಲಿರುವಾಗಲೇ ಉಣ್ಣೆಯ ತುದಿ ಕಂದು, ಬುಡ ಕಪ್ಪು. ಆದ್ದರಿಂದ ಕೈಯಲ್ಲಿ ನೂತ ಕಂಬಳಿಯ ಕಪ್ಪು ಎಂದೂ ಒಂದೇ ಹದದಲ್ಲಿರುವುದಿಲ್ಲ, ಹತ್ತಿರ ಹೋದಷ್ಟೂ ಕಂದು, ಬೂದಿ, ಕಾಡಿಗೆಗಪ್ಪು ಎಲ್ಲ ಬೆರೆತು ಕಾಣುತ್ತವೆ. ಹೊದ್ದು ಹಳತಾದ ಕಂಬಳಿಯನ್ನು ಬಿಚ್ಚಿ ಹಾಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕೊಪ್ಪೆಯ ನೆತ್ತಿ, ಹೆಗಲು ಬರುವ ಜಾಗ ಕೆಂಪೇರಿರುತ್ತದೆ. ಮಡಿಕೆಯ ಒಳಮೈ ಕಪ್ಪಾಗೇ ಉಳಿದಿರುತ್ತದೆ. ಬಳಸಿದವನು ಹೇಗೆ ಮಡಿಸುತ್ತಿದ್ದ, ಯಾವ ಕಡೆ ಹೊರಗೆ ಹಾಕುತ್ತಿದ್ದ ಎಂಬುದನ್ನು ಬಿಸಿಲೇ ಬರೆದಿಟ್ಟಿದೆ. ಅಂಗಡಿಯವರು ‘ಮಾಸಿದೆ’ ಎಂದು ಬೆಲೆ ಇಳಿಸುವ ಈ ಗುರುತನ್ನು ನಾನಾದರೆ ಹೆಚ್ಚು ಕೊಟ್ಟು ಕೊಳ್ಳುತ್ತೇನೆ.

ಹುಟ್ಟಿನ ಕಪ್ಪು ಸಿಗದ ಕಡೆ ಜನ ಕಪ್ಪನ್ನು ಮಾಡಿಕೊಂಡರು. ಅದರ ಸಾಮಾನೆಲ್ಲ ಮುತ್ತತ್ತಿಯ ಸುತ್ತಮುತ್ತಲೇ ಇದೆ. ಈ ಒಣಕಾಡಿನ ಅಳಲೆಕಾಯಿ, ಜಾಲಿ ಚಕ್ಕೆ, ಬಯಲಿನ ತಂಗಡಿ ತೊಗಟೆ, ಎಲ್ಲದರಲ್ಲೂ ಒಗರು ಇದೆ, ಅಂದರೆ ಟ್ಯಾನಿನ್. ಇನ್ನು ಬೇಕಾದದ್ದು ಕಬ್ಬಿಣ. ತುಕ್ಕು ಹಿಡಿದ ಲಾಳ, ಮೊಳೆಗಳನ್ನು ಮಡಕೆಗೆ ಹಾಕಿ, ಬೆಲ್ಲ ಕರಗಿಸಿದ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ವಾರ ಬಿಡಬೇಕು. ಬೆಲ್ಲ ಹುಳಿತು ಹೆಂಡವಾಗಿ, ಹೆಂಡ ಹುಳಿದು ವಿನೆಗರ್ ಆಗಿ, ಆ ಆಮ್ಲ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಕಲಂಕಾರಿಯವರು ಇಂದಿಗೂ ಕರಿ ಗೆರೆ ಎಳೆಯುವುದು ಇದೇ ನೀರಿನಲ್ಲಿ. ಅಳಲೆಕಾಯಿ ಕಷಾಯದಲ್ಲಿ ಅದ್ದಿ ತೆಗೆದ ಬಟ್ಟೆ ಹಳದಿಗಂದಾಗಿರುತ್ತದೆ. ಈ ಕಬ್ಬಿಣದ ನೀರು ತಾಕಿದ ಕ್ಷಣ ಕಪ್ಪು ಹೊಮ್ಮುತ್ತದೆ. ಮಂಡ್ಯದ ಆಲೆಮನೆಯ ಬೆಲ್ಲಕ್ಕೆ ಇಂಥ ಒಂದು ಉಪಯೋಗವೂ ಇದೆ ಎಂದು ಗೊತ್ತಿರುವವರು ಕಡಿಮೆ.

ಆದರೆ ಈ ಕಪ್ಪು ತನ್ನನ್ನು ಹೊತ್ತ ನೂಲನ್ನೇ ತಿನ್ನುತ್ತದೆ. ಕಬ್ಬಿಣದ ಅಯಾನುಗಳು ಗಾಳಿಯ ಆಮ್ಲಜನಕವನ್ನೂ ತೇವವನ್ನೂ ಬಳಸಿಕೊಂಡು ಎಳೆಯ ಅಣುಸರಪಳಿಗಳನ್ನು ಒಂದೊಂದಾಗಿ ಕಡಿಯುತ್ತ ಹೋಗುತ್ತವೆ. ಹಳೆಯ ಜವಳಿಯಲ್ಲಿ ಕೆಂಪು ಹೂವು, ನೀಲಿ ಬಳ್ಳಿ ಗಟ್ಟಿಯಾಗಿದ್ದು ಅವುಗಳ ಕರಿ ಅಂಚುಗೆರೆ ಮಾತ್ರ ಉದುರಿಹೋಗಿರುವುದನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಕುರಿಯ ಕಪ್ಪಿಗೆ ಈ ಕೇಡಿಲ್ಲ. ಮೆಲಾನಿನ್ ತಾನು ಕೂತ ಎಳೆಯನ್ನು ಬೆಳಕಿನಿಂದ ಸ್ವಲ್ಪಮಟ್ಟಿಗೆ ಕಾಯುತ್ತದೆ ಕೂಡ.

ಇದೇ ಭೇದ ಭೂಮಿಯ ಆಚೆ ಬದಿಯಲ್ಲೂ ಕಾಣುತ್ತದೆ. ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ ಬದುಕುವ ನವಾಹೊ ಜನ ಸ್ಪೇನಿನವರು ತಂದ ಚುರ್ರೋ ಕುರಿಗಳನ್ನು ಸಾಕಿ ಕಂಬಳಿ ನೆಯ್ದರು. ಅಲ್ಲಿ ನೆಯ್ಯುವವರು ಹೆಂಗಸರು, ಮಗ್ಗ ನೆಟ್ಟಗೆ ನಿಲ್ಲಿಸಿದ್ದು. ಬಿಳಿ ಮತ್ತು ಕಂದುಗಪ್ಪು ಪಟ್ಟೆಗಳು ಕುರಿಯ ಹುಟ್ಟುಬಣ್ಣ. ಇನ್ನೂ ಗಾಢವಾದ ಕಪ್ಪು ಬೇಕಾದಾಗ ಸುಮ್ಯಾಕ್ ಗಿಡದ ಒಗರನ್ನು ಕುದಿಸಿ, ಕಬ್ಬಿಣದ ಅಂಶವಿರುವ ಹಳದಿ ಕಾವಿಮಣ್ಣನ್ನು ಪೈನ್ ಮರದ ಅಂಟಿನೊಂದಿಗೆ ಹುರಿದು ಬೆರೆಸುತ್ತಿದ್ದರು. ವಾಷಿಂಗ್ಟನ್ ಮ್ಯಾಥ್ಯೂಸ್ ಎಂಬ ಸೇನಾವೈದ್ಯ 1880ರ ದಶಕದಲ್ಲಿ ಇದನ್ನು ದಾಖಲಿಸಿದ್ದಾನೆ. ಬೆಲ್ಲವಿಲ್ಲ, ಅಳಲೆಯಿಲ್ಲ, ಆದರೆ ಒಗರು ಮತ್ತು ಕಬ್ಬಿಣದ ಲೆಕ್ಕ ಅದೇ.

ನವಾಹೊ ಕಂಬಳಿಗಳ ಕೆಂಪಿನ ಕತೆ ಮಾತ್ರ ನೇರವಾಗಿ ನಮ್ಮ ಕಡೆಗೆ ತಿರುಗುತ್ತದೆ. ಅವರಿಗೆ ಕಣ್ಣು ಕುಕ್ಕುವ ಕೆಂಪು ಕೊಡುವ ಗಿಡ ಸಿಕ್ಕಿರಲಿಲ್ಲ. ವ್ಯಾಪಾರಿಗಳು ತಂದ ‘ಬಯೆತಾ’ ಎಂಬ ಯುರೋಪಿನ ಕೆಂಪು ಉಣ್ಣೆಬಟ್ಟೆಯನ್ನು ಕೊಂಡು, ಎಳೆ ಎಳೆಯಾಗಿ ಬಿಚ್ಚಿ, ಆ ನೂಲನ್ನು ಹೊಕ್ಕಿಗೆ ಹಾಕಿ ನೆಯ್ದರು. ಕೊಲರಾಡೊ ವಿಶ್ವವಿದ್ಯಾಲಯದ ಜೋ ಬೆನ್ ವೀಟ್ ದಶಕಗಳ ಕಾಲ ಈ ಕಂಬಳಿಗಳ ಹಿಂದೆ ಬಿದ್ದು ನೂಲಿನ ತುಣುಕುಗಳನ್ನು ರಾಸಾಯನಿಕ ಪರೀಕ್ಷೆಗೆ ಒಡ್ಡಿಸಿದರು. 19ನೇ ಶತಮಾನದ ಮೊದಲರ್ಧದ ಕೆಂಪುಗಳಲ್ಲಿ ಕೆಲವು ಕೊಚಿನೀಲ್ ಎಂಬ ಹುಳುವಿನದು, ಕೆಲವು ಅರಗಿನದು, ಇನ್ನು ಕೆಲವು ಎರಡರ ಬೆರಕೆ. ಅರಗಿನ ಬಣ್ಣ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಡಿಯಾದಿಂದ ಇಂಗ್ಲೆಂಡಿಗೆ ಹಡಗೇರುತ್ತಿದ್ದ ಸರಕು. ನಮ್ಮ ಮರದ ಕೊಂಬೆಯ ಹುಳುವಿನ ಬಣ್ಣ ಇಂಗ್ಲೆಂಡಿನ ಕಡಾಯಿ ದಾಟಿ, ಅರಿಜೋನಾದ ಮರಳುಗಾಡಿನ ಮಗ್ಗ ತಲುಪಿತ್ತು.

ಅರಗಿನ ಹುಳು ಮುತ್ತುಗ, ಬೋರೆ ಮರಗಳ ಎಳೆಗೊಂಬೆಗೆ ಬಾಯಿ ಚುಚ್ಚಿ ರಸ ಹೀರುತ್ತ, ಸುತ್ತ ರಾಳದ ಗೂಡು ಕಟ್ಟಿಕೊಳ್ಳುತ್ತದೆ. ಹಳೆಯ ಮೈಸೂರಿನಲ್ಲಿ ಜಾಲರಿ ಮರದ ಮೇಲೆ ಬದುಕುವ ಅದರದೇ ಒಂದು ಬಗೆಯಿದ್ದು, ವಿಜ್ಞಾನಿಗಳು ಅದಕ್ಕೆ ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಕಚ್ಚಾ ಅರಗನ್ನು ಪುಡಿಮಾಡಿ ನೀರಲ್ಲಿ ತೊಳೆದರೆ ಕೆಂಪು ನೀರಿಗಿಳಿಯುತ್ತದೆ, ರಾಳ ಉಳಿಯುತ್ತದೆ. ಉಳಿದ ರಾಳ ಮುತ್ತತ್ತಿಗೆ ದೂರವಲ್ಲದ ಚನ್ನಪಟ್ಟಣದಲ್ಲಿ ಬೊಂಬೆಗಳ ಹೊಳಪಾಗುತ್ತದೆ. ನೀರಿಗಿಳಿದ ಲಕ್ಕಾಯಿಕ್ ಆಮ್ಲ ಉಣ್ಣೆಗೆ ಬಲು ಪ್ರೀತಿ. ಉಣ್ಣೆ ಪ್ರೋಟೀನು, ಅದರ ಮೈತುಂಬ ಆಮ್ಲವನ್ನು ಹಿಡಿದುಕೊಳ್ಳುವ ಅಮೈನೋ ಗುಂಪುಗಳಿವೆ. ಹತ್ತಿ ಬರೀ ಸೆಲ್ಯುಲೋಸ್, ಅದಕ್ಕೆ ಈ ಕೈಗಳಿಲ್ಲ. ಬಣ್ಣ ಒಗೆತಕ್ಕೆ ಜಗ್ಗದಿರಲು ಪಟಿಕ ಬೇಕು. ಪಟಿಕದ ಅಲ್ಯೂಮಿನಿಯಂ ಒಂದು ಕೈಯಲ್ಲಿ ಎಳೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಅಣುವನ್ನೂ ಹಿಡಿದುಕೊಳ್ಳುತ್ತದೆ. ಪಟಿಕದ ಬದಲು ಕಬ್ಬಿಣ ಕೊಟ್ಟರೆ ಅದೇ ಅರಗು ನೇರಳೆಗಪ್ಪಾಗುತ್ತದೆ.

ಕೊಚಿನೀಲ್ ಮೆಕ್ಸಿಕೋದ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳು. ಸ್ಪೇನಿಗೆ ಚಿನ್ನ ಬೆಳ್ಳಿಯ ಜೊತೆ ನಿಲ್ಲುವಷ್ಟು ಲಾಭ ಕೊಟ್ಟದ್ದು. ಅದನ್ನು ಇಂಡಿಯಾದಲ್ಲಿ ಬೆಳೆಯಲು ಕಂಪನಿ ಸರ್ಕಾರ ಹವಣಿಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳುಗಳು ಬಂದವು, ಆದರೆ ಅದು ಬೇರೆ ಜಾತಿ. ಬಣ್ಣ ಕಡಿಮೆ, ಹಸಿವು ಜಾಸ್ತಿ. ಬಣ್ಣದ ವ್ಯಾಪಾರ ನೆಲಕಚ್ಚಿತು, ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಊರೂರಿನಿಂದ ಗುಡಿಸಿಹಾಕಿತು. ಕಳೆಯನ್ನು ಕೀಟದಿಂದ ಕೊಲ್ಲಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ, ಬಣ್ಣದ ಆಸೆಯಿಂದ. ಮುಂದೆ 1926ರಲ್ಲಿ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಬಯಲುಗಳನ್ನು ನುಂಗುತ್ತಿದ್ದಾಗ ಸಿಲೋನಿನಿಂದ ಆ ಹುಳುವಿನ ಇನ್ನೊಬ್ಬ ದಾಯಾದಿಯನ್ನು ಉದ್ದೇಶಪೂರ್ವಕವಾಗಿ ತಂದು ಬಿಟ್ಟರು, ಅದೂ ಕೆಲಸ ಮಾಡಿತು. ಇಂದು ಹಳ್ಳಿಯ ಬೇಲಿಯಲ್ಲಿ ಉಳಿದಿರುವ ಕಳ್ಳಿಯ ಮೇಲೆ ಬಿಳಿ ಹತ್ತಿಯಂಥ ಗಂಟು ಕಂಡರೆ ಕಡ್ಡಿಯಲ್ಲಿ ಒತ್ತಿ ನೋಡಿ, ರಕ್ತದಂಥ ಕೆಂಪು ಬರುತ್ತದೆ.

ಅರಗು, ಕೊಚಿನೀಲ್, ಮಡ್ಡಿ ಮರದ ಬೇರು, ಯುರೋಪಿನ ಮಂಜಿಷ್ಠ, ಎಲ್ಲವೂ ಆಂಥ್ರಾಕ್ವಿನೋನ್ ಎಂಬ ಒಂದೇ ಮನೆತನದ ಅಣುಗಳು. ಮೂರು ಉಂಗುರಗಳ ಅದೇ ಚೌಕಟ್ಟು, ಮೇಲಿನ ಅಲಂಕಾರ ಬೇರೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಬಣ್ಣಗಾರರಲ್ಲಿ ಮಡ್ಡಿ, ಕಪಿಲದ ಪುಡಿ ಮೊದಲಾದವುಗಳ ಬಳಕೆಯನ್ನು ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನ ಹಳೆಯ ಬಣ್ಣಗಳ ಬೆನ್ನು ಹತ್ತಿದವರಿಗೆಲ್ಲ ಮೊದಲ ಆಕರ. 1869ರಲ್ಲಿ ಮಂಜಿಷ್ಠದ ಅಲಿಜರಿನ್ ಅಣುವನ್ನು ಟಾರಿನಿಂದ ತಯಾರಿಸಿದರು. ಸ್ವಲ್ಪ ಕಾಲದಲ್ಲೇ ಜರ್ಮನಿಯ ಡಬ್ಬಿಗಳು ನಮ್ಮ ಸಂತೆಗೂ ಬಂದವು. ಆಮೇಲಿನ ಕಂಬಳಿಯ ಅಂಚಿನಲ್ಲಿ ಕೆಂಪು ಎಳೆಯಿದ್ದರೆ ಅದು ಯಾವ ಕೆಂಪು ಎಂಬುದು ಕಣ್ಣಳತೆಗೆ ಸಿಗದ ವಿಷಯವಾಯಿತು.

ನೀಲಿಯನ್ನು ಬೇಗ ದಾಟುತ್ತೇನೆ, ಏಕೆಂದರೆ ಕುರುಬರ ಕಂಬಳಿಗೂ ನೀಲಿಗೂ ನಂಟು ಕಡಿಮೆ. ನೀಲಿಗಿಡದ ಬಣ್ಣ ನೀರಲ್ಲಿ ಕರಗದು. ತಗಚೆ ಬೀಜ ಬೇಯಿಸಿ ಹಾಕಿ, ಸುಣ್ಣ, ಚೌಳುಮಣ್ಣಿನ ತಿಳಿ ಬೆರೆಸಿ ಹುಳಿಸಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹಳದಿಹಸಿರು ದ್ರವವಾಗಿ ಇಳಿಸುತ್ತವೆ. ಅದ್ದಿದ ನೂಲು ಗಾಳಿಗೆ ಬಂದಾಗ ನೀಲಿಯಾಗುತ್ತದೆ. ಹತ್ತಿಗೆ ಇದು ಹೇಳಿ ಮಾಡಿಸಿದ ವಿಧಾನ. ಉಣ್ಣೆಗೆ ಸುಣ್ಣ ಆಗಿಬರುವುದಿಲ್ಲ, ಕೆರಾಟಿನ್ನಿನ ಗಂಧಕದ ಕೊಂಡಿಗಳನ್ನು ಕ್ಷಾರ ಕತ್ತರಿಸಿಬಿಡುತ್ತದೆ. ಕಂಬಳಿಯನ್ನು ಬಟ್ಟೆಸೋಡಾದಲ್ಲಿ ನೆನೆಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಂಟುವಾಳಕಾಯಿಯ ನೊರೆ ಸೌಮ್ಯ, ಅದರಲ್ಲಿ ಕ್ಷಾರವಿಲ್ಲ.

ಇನ್ನು ಸಂಗ್ರಹದ ಮಾತು. ನವಾಹೊ ಕಂಬಳಿಗಳಿಗೆ ದೊಡ್ಡ ಹರಾಜುಗಳಿವೆ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ‘ಮುಖ್ಯಸ್ಥರ ಕಂಬಳಿ’ಯೊಂದು 18 ಲಕ್ಷ ಡಾಲರಿಗೆ ಹೋಯಿತು. ನಮ್ಮ ಕರಿ ಕಂಬಳಿಗೆ ಅಂಥ ಮಾರುಕಟ್ಟೆ ಇಲ್ಲ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದು, ಖೋಟಾ ಮಾಡುವವರಿಗೆ ಲಾಭವಿಲ್ಲ. ಇಲ್ಲಿ ಸಂಗ್ರಹಕ್ಕೆ ಅಡ್ಡಿಯಾಗುವುದು ಬೆಲೆಯಲ್ಲ, ಬಳಕೆ. ಕಂಬಳಿ ಸವೆದರೆ ಎತ್ತಿನ ಮೈಗೆ, ಅದೂ ಹರಿದರೆ ಬಾಗಿಲಿಗೆ, ಕೊನೆಗೆ ಕಸಕ್ಕೆ. ದೇವರ ಗದ್ದುಗೆಗೆ ಹಾಸಿದ ಕಂಬಳಿ ಮಾತ್ರ ಬಿಸಿಲು ಮಳೆ ಕಾಣದೆ ಉಳಿದಿರುತ್ತದೆ, ಅದನ್ನು ಯಾರೂ ಮಾರುವುದಿಲ್ಲ, ಕೇಳಲೂ ಬಾರದು. ಹಾಲುಮತದ ಪೂಜೆಗಳಲ್ಲಿ ಕರಿ ಕಂಬಳಿಗೆ ಇರುವ ಸ್ಥಾನ ಗೊತ್ತಿದ್ದವರು ಈ ಗೆರೆ ದಾಟುವುದಿಲ್ಲ.

ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದ ಮೇಲೆ ಜಾನ್ ಫೋರ್ಬ್ಸ್ ವಾಟ್ಸನ್ ಎಂಬಾತ 1866ರಲ್ಲಿ ಇಂಡಿಯಾದ ಬಟ್ಟೆಗಳ ಒಂದು ವಿಚಿತ್ರ ಗ್ರಂಥ ತಂದ. 18 ಸಂಪುಟ, 700 ಮಾದರಿ, ಒಟ್ಟು 20 ಪ್ರತಿ. ಪ್ರತಿ ಪುಟದಲ್ಲೂ ನಿಜವಾದ ಬಟ್ಟೆಯ ತುಂಡು. ಇಂಗ್ಲೆಂಡಿನ ಗಿರಣಿಗಳು ನೋಡಿ ನಕಲು ಮಾಡಲಿ ಎಂಬುದು ಉದ್ದೇಶ. ಇಡೀ ಬಟ್ಟೆಯನ್ನು ಇಪ್ಪತ್ತು ಪ್ರತಿಗೆ ಹಂಚಲು ಕತ್ತರಿ ಹಾಕಿದ ಆ ಸಂಗ್ರಹದಿಂದ ಬಣ್ಣದ ಅಧ್ಯಯನಕ್ಕೆ ಇವತ್ತೂ ಉಪಯೋಗವಿದೆ. ಆದರೆ ಅಂಚು ಎಲ್ಲಿತ್ತು, ಮಧ್ಯ ಹೊಲಿಗೆ ಇತ್ತೇ, ಹೆಗಲು ಎಲ್ಲಿ ಸವೆದಿತ್ತು ಎಂಬುದೆಲ್ಲ ಕತ್ತರಿಯೊಂದಿಗೆ ಹೋಯಿತು. ನಮ್ಮ ಕಡೆ ಇದಕ್ಕೆ ವಿರುದ್ಧವಾದ ಬಗೆಯಲ್ಲಿ, ವಸ್ತುವನ್ನು ಅದರ ಬಳಕೆಯ ಸಮೇತ ಕೂಡಿಡುವ ಕೆಲಸ ಮಾಡಿದವರು ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಊರೂರು ಅಲೆದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಮತ್ತು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ನಾಗಮಂಗಲ ಸೀಮೆಯ ಎಚ್. ಎಲ್. ನಾಗೇಗೌಡರು. ಸಂಗ್ರಹ ಶುರುಮಾಡುವವರು ಹರಾಜಿನ ಪಟ್ಟಿಗಿಂತ ಮೊದಲು ಈ ಎರಡು ಜಾಗಗಳನ್ನು ನೋಡುವುದು ಒಳಿತು. ಬಣ್ಣ ಹಾಕುವುದನ್ನು ಕಣ್ಣಾರೆ ಕಾಣಬೇಕೆಂದರೆ ಮಂಡ್ಯ ಜಿಲ್ಲೆಯಲ್ಲೇ ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ ಇದೆ. ಹೆಗ್ಗೋಡಿನ ಬಳಿಯ ಚರಕ ಸಂಸ್ಥೆಯವರು ಅಡಿಕೆ ಬೇಯಿಸಿದ ಚೊಗರಿನಲ್ಲಿ ಹತ್ತಿಗೆ ಕೆಂಗಂದು ತರುತ್ತಾರೆ.

ಮನೆಯಲ್ಲಿ ಇಡುವುದು ಕೊಳ್ಳುವುದಕ್ಕಿಂತ ಕಷ್ಟ. ಬಟ್ಟೆಯ ನುಸಿಪತಂಗದ ಮರಿ ಮತ್ತು ಕಂಬಳಿದುಂಬಿಯ ಮರಿಗಳು ಕೆರಾಟಿನ್ ಜೀರ್ಣಿಸಿಕೊಳ್ಳಬಲ್ಲ ಬೆರಳೆಣಿಕೆಯ ಪ್ರಾಣಿಗಳಲ್ಲಿ ಸೇರಿವೆ. ಅವುಗಳ ಹೊಟ್ಟೆಯಲ್ಲಿ ಗಂಧಕದ ಕೊಂಡಿ ಮುರಿಯುವ ರಸಾಯನವಿದೆ. ಬೆವರು, ಎಣ್ಣೆ ಹತ್ತಿದ ಜಾಗವನ್ನೇ ಅವು ಮೊದಲು ಹುಡುಕುವುದು. ಮೊದಲೇ ಹೇಳಿದ ಹುಣಸೆ ಬೀಜದ ಸರಿ ಬೆಳ್ಳಿಮೀನು ಹುಳುವಿಗೂ ಬೂಷ್ಟಿಗೂ ಔತಣ. ಬೇವಿನೆಲೆ ಇಡುವ ರೂಢಿ ಒಳ್ಳೆಯದೇ, ಆದರೆ ಒಳಹೊಕ್ಕ ಮರಿಗಳನ್ನು ಅದು ಕೊಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆದಷ್ಟು ಹೊರತಳ್ಳಿ ಬಿಗಿಯಾಗಿ ಕಟ್ಟಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ತಕ್ಷಣ ಚೀಲ ಬಿಚ್ಚಬಾರದು. ತಣ್ಣಗಿನ ಉಣ್ಣೆಯ ಮೇಲೆ ಗಾಳಿಯ ತೇವ ಹನಿಗಟ್ಟಿ ಕೆಂಪು ಅಂಚು ಕರಿಯ ಮೇಲೆ ಬಣ್ಣ ಬಿಟ್ಟರೆ ಮತ್ತೆ ಸರಿಪಡಿಸಲಾಗದು.

ಹಳೆಯದನ್ನು ಹೀಗೆ ಕಾಪಾಡಬಹುದು, ಹೊಸದರ ಪಾಡು ಬೇರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಮೇವಿನ ನೆಲ ಸವೆಯುತ್ತಿದೆಯೆಂದು ಸರ್ಕಾರ ನವಾಹೊ ಕುರಿಗಳನ್ನು ಬಲವಂತವಾಗಿ ಕಡಿಮೆ ಮಾಡಿಸಿತು. 1970ರ ದಶಕಕ್ಕೆ ಶುದ್ಧ ಚುರ್ರೋ ಕುರಿಗಳು ಕೆಲವೇ ನೂರು ಉಳಿದಿದ್ದವು. ಲೈಲ್ ಮೆಕ್‌ನೀಲ್ ಎಂಬ ಪಶುವಿಜ್ಞಾನಿ 1977ರಿಂದ ದೂರದ ಕಣಿವೆಗಳಲ್ಲಿ ಉಳಿದ ಕುರಿಗಳನ್ನು ಹುಡುಕಿ ಹಿಂಡು ಕಟ್ಟಿದರು. ಡೆಕ್ಕನಿ ಕುರಿಯನ್ನು ಇಲ್ಲಿ ಯಾರೂ ಹೊಡೆದು ಹಾಕಲಿಲ್ಲ. ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಯನ್ನು ಮೀರಿತು, ಮಾಂಸದ ಬೆಲೆ ಏರಿತು, ಕುರಿಗಾರರು ಕೆಂಗುರಿ, ಯಳಗ, ನೆಲ್ಲೂರು ಕಡೆಯ ಕೂದಲು ಕುರಿಗಳ ಟಗರುಗಳನ್ನು ಹಿಂಡಿಗೆ ಬಿಟ್ಟರು. ಮರಿ ಬೇಗ ಬೆಳೆಯಿತು, ಉಣ್ಣೆ ಉದುರಿತು. ಬಂಡೂರಿನ ಕುರಿ ಎಂದೋ ತಲುಪಿದ ಜಾಗಕ್ಕೆ ಬಯಲುಸೀಮೆಯ ಕುರಿ ಈಗ ಬರುತ್ತಿದೆ. ಕುರಿಗಾರನನ್ನು ಇದಕ್ಕೆ ಬೈದು ಫಲವಿಲ್ಲ.

ಹಾಗಾಗಿ ಇಂದು ಜಾತ್ರೆಯಲ್ಲಿ ‘ಕುರಿ ಕಂಬಳಿ’ ಎಂದು ಕೂಗಿ ಮಾರುವುದರಲ್ಲಿ ಬಹಳಷ್ಟು ಹರಿಯಾಣದ ಪಾಣಿಪತ್ತಿನ ಗಿರಣಿ ನೂಲಿನದು. ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರೆ ತಿಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಉರಿ ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗಿ ಉಗುರಿಗೆ ಸಿಕ್ಕುವುದಿಲ್ಲ. ಎರಡೂ ಬೆರೆತಿರುವುದೂ ಉಂಟು. ಅದೇ ನೂಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಸಾಮಾನ್ಯವಾಗಿ ಕರಿಯ ಎಳೆಯೇ ಕಡಿಮೆ. ಕೆಂಪು, ಕಡುನೀಲಿ, ಪಾಚಿಹಸಿರು, ಕಂದು ಎಳೆಗಳು ಒತ್ತೊತ್ತಾಗಿ ಸುತ್ತಿಕೊಂಡು ದೂರಕ್ಕೆ ಕಪ್ಪೆನಿಸುತ್ತವೆ. ಹೊರದೇಶಗಳಿಂದ ಬಂದ ಹಳೆಯ ಸ್ವೆಟರು, ಕೋಟುಗಳನ್ನು ಪಾಣಿಪತ್ತಿನಲ್ಲಿ ಬಣ್ಣವಾರು ವಿಂಗಡಿಸಿ, ಯಂತ್ರದಲ್ಲಿ ಹಿಂಜಿ, ಮತ್ತೆ ನೂತ ನೂಲು ಅದು.